ಯೂರಿಯಾ ಯಾವ ಬಾಗಿಲಿನಿಂದ ಹೊರಗೆ ಹೋಗುತ್ತದೆ?

"ನಿಧಾನವಾಗಿ ಕರಗುವ ಗೊಬ್ಬರ" ಎಂಬ ಮಾತು ಈಚೆಗೆ ಸೊಸೈಟಿಯ ಜಗಲಿಯಲ್ಲೂ ಕೇಳಿಸುತ್ತದೆ. ಬೇವು ಹಚ್ಚಿದ ಯೂರಿಯಾ, ಗಂಧಕ ಹಚ್ಚಿದ ಯೂರಿಯಾ, ನಾಳೆ ಇನ್ನೊಂದು. ಹೇಳುವವರು ಹೇಳುವುದು ಇಷ್ಟೆ: "ಇದು ಮೊದಲಿನ ಯೂರಿಯಾದ ಹಾಗಲ್ಲ ಮಾರಾಯ್ರೆ. ನಿಧಾನ ಕರಗುವುದು. ಒಂದು ಸಲ ಹಾಕಿದ್ರೆ ಸಾಕು, ಪುನಃ ಪುನಃ ಗದ್ದೆಗೆ ಇಳಿಯುವ ಕೆಲಸ ಇಲ್ಲ." ಆಳು ಸಿಗದ ಈ ಕಾಲದಲ್ಲಿ ಕಿವಿಗೆ ಇಂಪಾದ ಮಾತೇ ಹೌದು. ಆದರೆ ಇದನ್ನು ನಂಬಿ ಮೇಲುಗೊಬ್ಬರ ಬಿಟ್ಟವರ ಗದ್ದೆ ಆಟಿ ಮುಗಿಯುವಾಗ ಹಳದಿ ತಿರುಗಿ ನಿಲ್ಲುವುದನ್ನು ನಮ್ಮ ಸುತ್ತಮುತ್ತ ನೋಡುತ್ತಾ ಇದ್ದೇನೆ. ಹೀಗೆ ಎರಡು ಸಲ ಆದರೆ ಮೂರನೇ ವರ್ಷ ಆ ಗದ್ದೆಗೆ ಅಡಿಕೆ ಸಸಿ ಬರುತ್ತದೆ. ಬಯಲಿನ ನಡುವೆ ಒಬ್ಬ ಭತ್ತ ಬಿಟ್ಟರೆ ಉಳಿದವರ ನೀರಿನ ದಾರಿಯೂ ಕೆಡುತ್ತದೆ. ಹಾಗಾಗಿ ಇದು ಬರೇ ಒಂದು ಚೀಲ ಗೊಬ್ಬರದ ಪ್ರಶ್ನೆ ಅಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತೊಂದರೆ ಇರುವ ಮಣ್ಣಿನಲ್ಲಿ ಭತ್ತ ಬೆಳೆಯುವವನಿಗೆ ನಿಧಾನದ ಗೊಬ್ಬರ ಬೇಕು, ಖಂಡಿತ ಬೇಕು. ಆದರೆ ಆ ನಿಧಾನ ಚೀಲದ ಮೇಲೆ ಅಚ್ಚು ಹಾಕಿ ಬರುವಂಥದ್ದಲ್ಲ. ಯಾವ ಗದ್ದೆಯಲ್ಲಿ ಸಾರಜನಕ ಯಾವ ಬಾಗಿಲಿನಿಂದ ಹೊರಗೆ ಹೋಗುತ್ತದೆ ಎಂದು ನೋಡಿ, ಅದೇ ಬಾಗಿಲು ಹಾಕಬೇಕು. ಮುಂದಿನ ಬಾಗಿಲು ಹಾಕಿ ಹಿಂದಿನದ್ದು ತೆರೆದಿಟ್ಟರೆ ಏನು ಬಂತು?

ಬಾಗಿಲುಗಳು ಎಷ್ಟು?

ಗದ್ದೆಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಭತ್ತದ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ನೂರಕ್ಕೆ 30ರಿಂದ 40 ಪಾಲು. ಉಳಿದದ್ದರಲ್ಲಿ ಸ್ವಲ್ಪ ಮಣ್ಣಿನಲ್ಲಿ ಉಳಿಯುತ್ತದೆ, ದೊಡ್ಡ ಪಾಲು ಹೋಗುತ್ತದೆ. ಹೋಗುವ ದಾರಿ ಮೂರ್ನಾಲ್ಕು.

ಒಂದು ಗಾಳಿಯ ದಾರಿ. ನಿಂತ ನೀರಿಗೆ ಎರಚಿದ ಯೂರಿಯಾ ಕರಗಿ ಅಮೋನಿಯಾ ಆಗುತ್ತದೆ. ನೀರಿನಲ್ಲಿ ಹಸುರು ಪಾಚಿ ಇದ್ದರೆ ಬಿಸಿಲಿಗೆ ಆ ಪಾಚಿ ನೀರಿನ ಇಂಗಾಲಾಮ್ಲವನ್ನೆಲ್ಲ ಹೀರಿಕೊಂಡು, ನಡು ಮಧ್ಯಾಹ್ನ ನೀರಿನ ರಸಸಾರ 9 ದಾಟುವುದೂ ಉಂಟು. ಆಗ ಅಮೋನಿಯಾ ನೀರಿನಲ್ಲಿ ನಿಲ್ಲುವುದಿಲ್ಲ, ಗಾಳಿಗೆ ಏಳುತ್ತದೆ. ಮಣ್ಣೇ ಕ್ಷಾರದ್ದಾದರೆ ಕೇಳುವುದೇ ಬೇಡ.

ಎರಡನೆಯದು ಕಣ್ಣಿಗೆ ಕಾಣದ್ದು. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಮೇಲಿನ ಒಂದು ತೆಳು ಪದರಕ್ಕೆ ಮಾತ್ರ ಗಾಳಿ ಉಂಟು. ಅದರ ಕೆಳಗೆ ಉಸಿರು ಕಟ್ಟಿದ ಕೆಸರು. ಮೇಲಿನ ಪದರದಲ್ಲಿ ಅಮೋನಿಯಂ ನೈಟ್ರೇಟ್ ಆಗುತ್ತದೆ, ನೈಟ್ರೇಟ್ ಕೆಳಗೆ ಇಳಿದರೆ ಕೆಸರಿನ ಜೀವಾಣುಗಳು ಅದನ್ನು ಬರೇ ಸಾರಜನಕ ಗಾಳಿಯಾಗಿ ಮಾಡಿ ಬಿಟ್ಟುಬಿಡುತ್ತವೆ. ಗದ್ದೆಯನ್ನು ಒಮ್ಮೆ ಒಣಗಿಸಿ ಒಮ್ಮೆ ನೀರು ಕಟ್ಟುವಲ್ಲಿ ಈ ನಷ್ಟ ಇನ್ನೂ ಜಾಸ್ತಿ. ಜಪಾನಿನ ಶಿಯೊಇರಿ ಎಂಬ ವಿಜ್ಞಾನಿ 1940ರ ಸುಮಾರಿಗೇ ಇದನ್ನು ಬಿಡಿಸಿ ತೋರಿಸಿ, "ಗೊಬ್ಬರ ಮೇಲೆ ಎರಚಬೇಡಿ, ಕೆಸರಿನೊಳಗೆ ಸೇರಿಸಿ" ಎನ್ನುವ ದಾರಿ ಹಾಕಿಕೊಟ್ಟರು.

ಮೂರನೆಯದು ಕೆಳಗೆ ಇಳಿಯುವುದು, ನಾಲ್ಕನೆಯದು ಕಟ್ಟಹುಣಿ ದಾಟಿ ಹರಿದು ಹೋಗುವುದು. ಇವೆರಡನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಆಷಾಢದ ಒಂದು ರಾತ್ರಿಯ ಮಳೆ ಸಾಕು.

ಚೀಲದೊಳಗೆ ಬೇವು ಎಷ್ಟು?

ಬೇವಿನ ವಿಚಾರ ಹೊಸದಲ್ಲ. ದೆಹಲಿಯ ಭಾರತೀಯ ಕೃಷಿ ಅನುಸಂಧಾನ ಸಂಸ್ಥೆಯಲ್ಲಿ ಡಾ. ರಾಜೇಂದ್ರ ಪ್ರಸಾದ್ ಮತ್ತು ಸಂಗಡಿಗರು 1970ರ ದಶಕದಲ್ಲೇ ಬೇವಿನ ಹಿಂಡಿ ಬೆರೆಸಿದ ಯೂರಿಯಾದ ಮೇಲೆ ಕೆಲಸ ಮಾಡಿದ್ದರು. ಬೇವಿನಲ್ಲಿರುವ ಅಂಶ ಅಮೋನಿಯಂ ನೈಟ್ರೇಟ್ ಆಗುವುದನ್ನು ತಡ ಮಾಡುತ್ತದೆ. ಅಂದರೆ ನಾನು ಹೇಳಿದ ಎರಡನೇ ಬಾಗಿಲು ಅರ್ಧ ಮುಚ್ಚುತ್ತದೆ. ಆಗ ಹಳ್ಳಿಯಲ್ಲಿ ಮಾಡುತ್ತಿದ್ದದ್ದು ನೂರು ಕಿಲೋ ಯೂರಿಯಾಕ್ಕೆ 20 ಕಿಲೋ ಬೇವಿನ ಹಿಂಡಿ. ಅಂಟಲಿಕ್ಕೆ ಸೀಮೆಎಣ್ಣೆಯಲ್ಲಿ ಕರಗಿಸಿದ ಡಾಂಬರು.

2015ರಲ್ಲಿ ಕೇಂದ್ರ ಸರಕಾರ ಎಲ್ಲ ಯೂರಿಯಾಕ್ಕೂ ಬೇವು ಹಚ್ಚುವುದನ್ನು ಕಡ್ಡಾಯ ಮಾಡಿತು. ಈಗ ಸೊಸೈಟಿಯಲ್ಲಿ ಸಿಗುವುದು ಅದೇ. ಇದರಲ್ಲಿ ಇರಬೇಕಾದ ಬೇವಿನೆಣ್ಣೆ ಎಷ್ಟು ಗೊತ್ತೇ? ತೂಕದಲ್ಲಿ ನೂರಕ್ಕೆ 0.035 ಪಾಲು. 2018ರಿಂದ ಚೀಲ 50 ಕಿಲೋ ಹೋಗಿ 45 ಕಿಲೋ ಆಗಿದೆ. ಲೆಕ್ಕ ಹಾಕಿ: ಒಂದು ಚೀಲದಲ್ಲಿ ಸುಮಾರು 16 ಗ್ರಾಂ ಎಣ್ಣೆ. ಒಗ್ಗರಣೆಗೆ ಹಾಕುವಷ್ಟು! ನೂರು ಕಿಲೋಕ್ಕೆ 20 ಕಿಲೋ ಹಿಂಡಿ ಎಲ್ಲಿ, 35 ಗ್ರಾಂ ಎಣ್ಣೆ ಎಲ್ಲಿ?

ಇಷ್ಟಕ್ಕೇ ಪ್ರಯೋಜನ ಇಲ್ಲ ಎಂದು ನಾನು ಹೇಳುತ್ತಿಲ್ಲ. ಎಣ್ಣೆಯಲ್ಲಿ ಸತ್ವ ಹಿಂಡಿಗಿಂತ ಗಟ್ಟಿ. ಬೇವು ಹಚ್ಚಿದ ಮೇಲೆ ಸಬ್ಸಿಡಿ ಯೂರಿಯಾ ಪ್ಲೈವುಡ್ಡಿನ ಗೋಂದಿಗೆ, ಕಲಬೆರಕೆ ಹಾಲಿಗೆ ಹೋಗುವುದು ಕಷ್ಟವಾಗುತ್ತದೆ ಎಂಬುದು ಸರಕಾರದ ಇನ್ನೊಂದು ಲೆಕ್ಕ, ಅದೂ ಒಳ್ಳೆಯದೇ. ಆದರೆ ಇದನ್ನು ತೋರಿಸಿ "ಒಂದು ಸಲ ಸಾಕು" ಎನ್ನುವುದು ಮಾತ್ರ ಸರಿಯಲ್ಲ. ಬೇವು ಯೂರಿಯಾ ಕರಗುವುದನ್ನು ನಿಲ್ಲಿಸುವುದೇ ಇಲ್ಲ. ನೀರಿಗೆ ಬಿದ್ದ ಬೇವು ಯೂರಿಯಾವೂ ಕರಗುತ್ತದೆ, ಹರಿಯುವ ನೀರಿನೊಟ್ಟಿಗೆ ಹೋಗುತ್ತದೆ. ಮೊದಲ, ಮೂರನೇ, ನಾಲ್ಕನೇ ಬಾಗಿಲುಗಳು ಹಾಗೇ ತೆರೆದೇ ಇವೆ. ಕ್ಷಾರದ ಮಣ್ಣಿನಲ್ಲಂತೂ ಅಮೋನಿಯಂ ಆಗಿಯೇ ಹೆಚ್ಚು ದಿನ ಮೇಲೆ ಉಳಿಯುವುದರಿಂದ ಗಾಳಿಗೆ ಏಳುವುದಕ್ಕೆ ಅದಕ್ಕೆ ಸಮಯವೂ ಹೆಚ್ಚು ಸಿಗುತ್ತದೆ.

ಘಟ್ಟದ ಮೇಲಿನ ಮಾತು

ನಾವು ಕೆಳಗಿನವರು ಅಂಗಡಿಯಿಂದ ತರುವ ಅಕ್ಕಿಯಲ್ಲಿ ಬಹುಪಾಲು ಈಗ ಗಂಗಾವತಿ, ಸಿಂಧನೂರು ಕಡೆಯದ್ದು. ಅದೇ 45 ಕಿಲೋ ಚೀಲ ಅಲ್ಲಿಗೂ ಹೋಗುತ್ತದೆ, ಇಲ್ಲಿಗೂ ಬರುತ್ತದೆ. ಮಣ್ಣು ಮಾತ್ರ ಎಣ್ಣೆ ಸೀಗೆಕಾಯಿ. ಹಾಗಾಗಿ ಅಲ್ಲಿಯದ್ದನ್ನು ಸ್ವಲ್ಪ ನೋಡುವುದು ಒಳ್ಳೆಯದು.

ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟದ್ದು 1953ರಲ್ಲಿ. ಯೋಜನೆಯ ಪ್ರಕಾರ ಹೆಚ್ಚಿನ ಜಾಗದಲ್ಲಿ ಆಗಬೇಕಾದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ. ನೀರು ಕಂಡ ಮೇಲೆ ಬಂದದ್ದು ಭತ್ತ. ಕಪ್ಪು ಜೇಡಿಯಲ್ಲಿ ನೀರು ಬಸಿದು ಹೋಗಲಿಲ್ಲ, ಅಡಿಯ ಉಪ್ಪು ಮೇಲೆ ಬಂತು. ಇವತ್ತು ಅಲ್ಲಿ ಸವಳು, ಕರಲು ಭೂಮಿ ಸಾಕಷ್ಟು ಉಂಟು. ರಸಸಾರ 8.5 ದಾಟಿದ ಕರಲಿನಲ್ಲಿ ಯೂರಿಯಾ ಎರಚಿದರೆ ಮುಖ್ಯವಾಗಿ ತೆರೆದಿರುವುದು ಗಾಳಿಯ ಬಾಗಿಲು. ಕರ್ನಾಲಿನಲ್ಲಿ 1969ರಲ್ಲಿ ಶುರುವಾದ ಕೇಂದ್ರೀಯ ಸವಳು ಮಣ್ಣಿನ ಸಂಶೋಧನಾ ಸಂಸ್ಥೆಯವರು ಕರಲು ಭೂಮಿಯ ಭತ್ತಕ್ಕೆ ಸಾಮಾನ್ಯಕ್ಕಿಂತ ಕಾಲು ಪಾಲು ಹೆಚ್ಚು ಸಾರಜನಕ ಹಾಕಿ ಎಂದು ಶಿಫಾರಸು ಮಾಡಿದ್ದಕ್ಕೆ ಇಂಥ ನಷ್ಟವೇ ಒಂದು ಮುಖ್ಯ ಕಾರಣ. ಕದಿಯುವ ಮನೆಗೆ ಎರಡು ಸೇರು ಹೆಚ್ಚು ಅಕ್ಕಿ ಹಾಕಿದ ಹಾಗೆ.

ಅಂಥ ಮಣ್ಣಿನಲ್ಲಿ ಯೂರಿಯಾವನ್ನು ನಾಲ್ಕು ಬೆರಳು ಆಳಕ್ಕೆ ಹೂತರೆ ಗಾಳಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿ ಹೋಗುತ್ತದೆ. ಜೇಡಿ ಅಮೋನಿಯಂ ಹಿಡಿದಿಟ್ಟುಕೊಳ್ಳುತ್ತದೆ, ನೀರು ಕೆಳಗೆ ಇಳಿಯುವುದೂ ಕಡಿಮೆ. ಹೂಳಲಾಗದಿದ್ದರೆ ಗದ್ದೆಯ ನೀರು ಬಸಿದು, ಸಂಜೆ ಹೊತ್ತು ಯೂರಿಯಾ ಹಾಕಿ, ಮಣ್ಣಿಗೆ ಸೇರಿಸಿ ಆಮೇಲೆ ನೀರು ಕಟ್ಟುವುದು. ಇದಕ್ಕೆ ಚೀಲ ಬದಲಾಗಬೇಕಾಗಿಲ್ಲ.

ಈಗ ಗಂಧಕ ಹಚ್ಚಿದ ಯೂರಿಯಾದ ಮಾತು. 2023ರಲ್ಲಿ ಕೇಂದ್ರ ಸರಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು. ಸಾರಜನಕ ನೂರಕ್ಕೆ 37, ಗಂಧಕ 17. "ಕರಲು ಭೂಮಿಗೆ ಗಂಧಕ ಒಳ್ಳೆಯದಲ್ವಾ, ಎರಡೂ ಒಟ್ಟಿಗೆ ಆಯ್ತು" ಎನ್ನುವವರಿದ್ದಾರೆ. ತಾಳಿ. 40 ಕಿಲೋ ಚೀಲದಲ್ಲಿ ಗಂಧಕ 6.8 ಕಿಲೋ. ಅದು ಪೂರ್ತಿ ಕೆಲಸ ಮಾಡಿದರೂ ಸುಮಾರು 36 ಕಿಲೋ ಜಿಪ್ಸಂಗೆ ಸಮ. ಎಕರೆಗೆ ಮೂರು ಚೀಲ ಹಾಕಿದರೆ ನೂರಹತ್ತು ಕಿಲೋ ಜಿಪ್ಸಂ ಹಾಕಿದ ಹಾಗೆ ಆಯಿತು. ಕರಲು ಸರಿಯಾಗಲಿಕ್ಕೆ ಬೇಕಾದದ್ದು ಟನ್ನುಗಟ್ಟಲೆ. ಬೆಳೆಗೆ ಗಂಧಕದ ಕೊರತೆ ಇದ್ದರೆ ಇದು ಊಟ ಹೌದು, ಮಣ್ಣಿಗೆ ಮದ್ದಲ್ಲ. ಇನ್ನೊಂದು ಲೆಕ್ಕವೂ ನೋಡಿಕೊಳ್ಳಿ. ಬೇವಿನ ಚೀಲದಲ್ಲಿ ಸಾರಜನಕ 20.7 ಕಿಲೋ, ಗಂಧಕದ ಚೀಲದಲ್ಲಿ 14.8 ಕಿಲೋ. 2024ರ ಜನವರಿಯಲ್ಲಿ ಗಂಧಕದ ಚೀಲಕ್ಕೆ ಇಟ್ಟ ಬೆಲೆ ಬೇವಿನ ಚೀಲದಷ್ಟೇ, 266 ರೂಪಾಯಿ 50 ಪೈಸೆ. ಚೀಲ ಎಣಿಸಿ ಗೊಬ್ಬರ ಹಾಕುವ ಅಭ್ಯಾಸ ಇರುವವರಿಗೆ ಇಲ್ಲಿ ಮೋಸ ಹೋಗಲಿಕ್ಕೆ ಅವಕಾಶ ಉಂಟು.

ಕರಲಿನಲ್ಲಿ ಮತ್ತೂ ಒಂದು ತೊಡಕು. ಸತುವಿನ ಕೊರತೆ. ನಾಟಿಯಾಗಿ ಎರಡು ಮೂರು ವಾರಕ್ಕೆ ಎಲೆಯಲ್ಲಿ ತುಕ್ಕಿನ ಬಣ್ಣದ ಮಚ್ಚೆ, ಗಿಡ ಗಿಡ್ಡ. ಉತ್ತರದಲ್ಲಿ ಇದಕ್ಕೆ ಖೈರಾ ರೋಗ ಅಂತ ಹೆಸರು. ಪಂತನಗರದ ಡಾ. ನೆನೆ 1960ರ ದಶಕದಲ್ಲಿ ಇದು ರೋಗ ಅಲ್ಲ, ಸತುವಿಲ್ಲದ ಬಡತನ ಎಂದು ಕಂಡುಹಿಡಿದರು. ಸತುವಿಲ್ಲದ ಗದ್ದೆಗೆ ಎಷ್ಟು ನಿಧಾನದ ಸಾರಜನಕ ಕೊಟ್ಟರೂ ಗಿಡ ತಿನ್ನುವುದಿಲ್ಲ. ಜಿಪ್ಸಂ, ಬಸಿಗಾಲುವೆ, ಡಯಾಂಚ ಹಸುರು ಗೊಬ್ಬರ, ಸತುವಿನ ಸಲ್ಫೇಟು ಮೊದಲು. ಗೊಬ್ಬರದ ನಿಧಾನ ಆಮೇಲೆ.

ನಮ್ಮ ಬೆಟ್ಟು, ಮಜಲು, ಬಯಲು

ಈಗ ನಮ್ಮದಕ್ಕೆ ಬರುವ. ಇಲ್ಲಿ ತೊಂದರೆ ಉಲ್ಟಾ. ಹುಳಿ ಮಣ್ಣು, ಜಂಬಿಟ್ಟಿಗೆಯ ಜಾತಿಯದ್ದು, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಮೋನಿಯಾ ಗಾಳಿಗೆ ಏಳುವುದಕ್ಕಿಂತ ನೀರಿನೊಟ್ಟಿಗೆ ಹೋಗುವುದೇ ದೊಡ್ಡ ಬಾಗಿಲು. ಆದರೆ "ಕರಾವಳಿ ಮಣ್ಣು" ಎಂದು ಒಂದೇ ಹೆಸರು ಹೇಳಿದರೆ ಆಗಲಿಲ್ಲ. ನಮ್ಮ ಹಿರಿಯರು ಬೆಟ್ಟು, ಮಜಲು, ಬಯಲು ಎಂದು ಮೂರು ಮಾಡಿದ್ದು ಸುಮ್ಮನೆ ಅಲ್ಲ. ಗೊಬ್ಬರಕ್ಕೂ ಇದೇ ವಿಂಗಡಣೆ ಬೇಕು.

ಬೆಟ್ಟುಗದ್ದೆಯಲ್ಲಿ ಮರಳು ಹೆಚ್ಚು, ಬೆಳಗ್ಗೆ ಕಟ್ಟಿದ ನೀರು ಸಂಜೆಗೆ ಇಲ್ಲ. ಇಲ್ಲಿ ಯೂರಿಯಾ ಆಳಕ್ಕೆ ಹೂತರೆ ಕಳ್ಳನ ಕೈಗೇ ಕೊಟ್ಟಂತೆ. ಯೂರಿಯಾ ಎನ್ನುವುದು ಅಮೋನಿಯಂ ಆಗುವ ತನಕ ಮಣ್ಣಿಗೆ ಅಂಟುವುದೇ ಇಲ್ಲ. ಹೂತ ಯೂರಿಯಾ ಆ ಎರಡು ಮೂರು ದಿನದಲ್ಲಿ ಬೇರಿಗಿಂತ ಕೆಳಗೆ ಹೋಗಿರುತ್ತದೆ. ಹಾಗಾಗಿ ಬೆಟ್ಟಿಗೆ ನಾನು ಹೇಳುವುದು ಹಳೇ ಕ್ರಮ: ಒಂದು ಪಾಲು ಯೂರಿಯಾವನ್ನು ಐದರಿಂದ ಹತ್ತು ಪಾಲು ಹಸಿ ಮಣ್ಣಿನಲ್ಲಿ ಕಲಸಿ ನೆರಳಲ್ಲಿ ಒಂದೆರಡು ದಿನ ರಾಶಿ ಹಾಕಿ, ಮೇಲೆ ಗೋಣಿ ಮುಚ್ಚಿ ಇಡುವುದು. ಅಷ್ಟರಲ್ಲಿ ಅದು ಅಮೋನಿಯಂ ಆಗಿ ಆ ಮಣ್ಣಿಗೇ ಅಂಟಿರುತ್ತದೆ. ಬೇವಿನ ಹಿಂಡಿ ಇದ್ದರೆ ಐದಕ್ಕೊಂದು ಪಾಲು ಅದಕ್ಕೇ ಸೇರಿಸಿ. ಇದನ್ನು ಮೂರು ನಾಲ್ಕು ಕಂತು ಮಾಡಿ ಹಾಕುವುದು. ಕಂತು ಮಾಡುವುದು ಎಂದರೆ ನಿಮ್ಮ ಕೈಯೇ ನಿಧಾನ ಗೊಬ್ಬರ ಆದ ಹಾಗೆ. ಯಾವ ಲೇಪನಕ್ಕೂ ಮಳೆ ನೋಡಿ ಕೈ ಹಿಡಿಯಲಿಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತುಂಟು. ಹಟ್ಟಿಗೊಬ್ಬರ, ಸೊಪ್ಪು, ಸುಡುಮಣ್ಣು ಇವೆಲ್ಲ ಇಂಥ ಗದ್ದೆಗೇ ಹುಟ್ಟಿದ್ದು. ಸೊಪ್ಪಿಗಿಂತ ದೊಡ್ಡ ನಿಧಾನ ಗೊಬ್ಬರ ಯಾವುದು ಹೇಳಿ?

ಬಯಲುಗದ್ದೆಯದ್ದು ಬೇರೆ ಕತೆ. ಮಣ್ಣು ಜೇಡಿ, ನೀರು ನಿಲ್ಲುತ್ತದೆ. ಗುಡ್ಡದಿಂದ ಒಸರುವ ನೀರು ಸೇರುವ ಕಡೆ ಗದ್ದೆಯ ನೀರಿನ ಮೇಲೆ ಎಣ್ಣೆ ಬಿದ್ದ ಹಾಗೆ ಕೆಂಪು ಕೆನೆ ಕಾಣುತ್ತದೆ. ಎಲೆಯ ತುದಿಯಿಂದ ಕಂದು ಚುಕ್ಕೆ ಶುರುವಾಗಿ ಇಡೀ ಗದ್ದೆ ಕಂಚಿನ ಬಣ್ಣ. "ಯೂರಿಯಾ ಸಾಕಾಗಲಿಲ್ಲ" ಅಂತ ಇನ್ನೊಂದು ಚೀಲ ಹಾಕುವವರು ಇದ್ದಾರೆ. ಅದು ಕಬ್ಬಿಣದ ವಿಷ. ಬೇರು ಸುಟ್ಟ ಗಿಡಕ್ಕೆ ಬಡಿಸಿದರೆ ಏನು ಪ್ರಯೋಜನ? ಮೇಲಿನ ಅಂಚಿನಲ್ಲಿ ಕಣಿ ಕಡಿದು ಒಸರು ನೀರು ಬೇರೆ ದಾರಿಗೆ ತಿರುಗಿಸುವುದು, ಒಂದೆರಡು ಸಲ ನೀರು ಬಸಿದು ಗಾಳಿಯಾಡಿಸುವುದು, ಸುಣ್ಣ, ಪೊಟ್ಯಾಷ್, ಇಷ್ಟು ಮೊದಲು. ಇಂಥಲ್ಲಿಗೆ ಗಂಧಕದ ಯೂರಿಯಾ ತರುವುದು ನನಗೆ ಸರಿ ಕಾಣುವುದಿಲ್ಲ. ಗಂಧಕ ಹುಳಿ ಮಾಡುವ ವಸ್ತು, ನಮ್ಮದು ಮೊದಲೇ ಹುಳಿ.

ಈ ವಿಷ ಇಲ್ಲದ, ಅಥವಾ ಕಣಿ ಕಡಿದು ಸರಿ ಮಾಡಿದ ಬಯಲು, ಮತ್ತು ನೀರು ಹಿಡಿಯುವ ಮಜಲು, ಇವುಗಳಿಗೇ ಗೊಬ್ಬರದ ಗುಳಿಗೆ ಹೇಳಿ ಮಾಡಿಸಿದ್ದು.

ಪಕ್ಕದ ಕೊಂಕಣದಲ್ಲಿ ಆದದ್ದು

ಗುಳಿಗೆ ಎಂದರೆ ಮಾಯದ ವಸ್ತು ಅಲ್ಲ. ಅದೇ ಯೂರಿಯಾವನ್ನು ಯಂತ್ರದಲ್ಲಿ ಒತ್ತಿ ಗೋಲಿಯಷ್ಟು ದಪ್ಪ ಮಾಡಿದ್ದು. ಬಾಂಗ್ಲಾದೇಶದಲ್ಲಿ ಇದಕ್ಕೆ ಗುಟಿ ಯೂರಿಯಾ ಎನ್ನುತ್ತಾರೆ. ಅಲ್ಲಿ ಹಳ್ಳಿಹಳ್ಳಿಯಲ್ಲಿ ಸಣ್ಣ ಯಂತ್ರ ಇಟ್ಟುಕೊಂಡು ಗುಳಿಗೆ ಒತ್ತಿ ಮಾರುವವರು ಹುಟ್ಟಿಕೊಂಡರು. ಅಷ್ಟು ದೂರವೂ ಬೇಡ. ನಮ್ಮದೇ ಮಳೆ, ನಮ್ಮದೇ ಜಂಬಿಟ್ಟಿಗೆ ಮಣ್ಣಿನ ಮಹಾರಾಷ್ಟ್ರದ ಕೊಂಕಣದಲ್ಲಿ ಡಾ. ಎನ್.ಕೆ. ಸಾವಂತ್ ಅವರು ಯೂರಿಯಾ ಮತ್ತು ಡಿ.ಎ.ಪಿ. ಸೇರಿಸಿ ಒತ್ತಿದ ಗುಳಿಗೆಯನ್ನು ಸಣ್ಣ ಕೃಷಿಕರ ಗದ್ದೆಗೆ ತಂದರು. ಯೂರಿಯಾ 60 ಪಾಲು, ಡಿ.ಎ.ಪಿ. 40 ಪಾಲು, ಒಂದು ಗುಳಿಗೆ 2.7 ಗ್ರಾಂ. ಮರಾಠಿಯಲ್ಲಿ "ಚಾರ್ ಸೂತ್ರಿ" ಭತ್ತದ ಬೇಸಾಯ ಎಂದೇ ಇದು ಹೆಸರಾಯಿತು. ನಾಲ್ಕು ಸೂತ್ರ ಏನೆಂದರೆ ನೇಜಿ ಮಡಿಗೆ ಹೊಟ್ಟಿನ ಬೂದಿ, ಗದ್ದೆಗೆ ಗ್ಲಿರಿಸಿಡಿಯಾ ಸೊಪ್ಪು, ಅಳತೆಯ ನಾಟಿ, ಮತ್ತು ನಾಲ್ಕು ಬುಡದ ನಡುವೆ ಒಂದು ಗುಳಿಗೆ.

ಅಳತೆಯ ನಾಟಿ ಎಂದರೆ ಸಾಲಿನಲ್ಲೂ ಅಡ್ಡಕ್ಕೂ ಒಂದು ಸಲ 15, ಒಂದು ಸಲ 25 ಸೆಂಟಿಮೀಟರ್ ಅಂತರ. ನಾಲ್ಕು ಬುಡ ಸೇರಿ 15 ಸೆಂಟಿಮೀಟರಿನ ಒಂದು ಚೌಕ ಆಗುತ್ತದೆ. ಅದರ ಮಧ್ಯಕ್ಕೆ 7ರಿಂದ 10 ಸೆಂಟಿಮೀಟರ್ ಆಳಕ್ಕೆ, ನಾಟಿಯಾದ ದಿನವೇ ಅಥವಾ ಮರುದಿನ, ಗುಳಿಗೆ ಒತ್ತಿ ಕೆಸರು ಮುಚ್ಚುವುದು. ಮತ್ತೆ ಮೇಲುಗೊಬ್ಬರ ಇಲ್ಲ. ಉಸಿರು ಕಟ್ಟಿದ ಕೆಸರಿನೊಳಗೆ ಅಮೋನಿಯಂ ಅಮೋನಿಯಂ ಆಗಿಯೇ ಉಳಿದು, ಬೇರು ಅದನ್ನು ಹುಡುಕಿಕೊಂಡು ಬರುತ್ತದೆ. ನೀರು ಹುಣಿ ದಾಟಿ ಹರಿದರೂ ಗೊಬ್ಬರ ಹೋಗುವುದಿಲ್ಲ. ಜೋರು ಮಳೆಯ ಊರಿಗೆ ಇದಕ್ಕಿಂತ ಒಳ್ಳೆ ನಿಧಾನ ಬೇರೆ ನನಗೆ ಕಾಣುವುದಿಲ್ಲ. ಲೇಪನವೇ ಇಲ್ಲ, ನೋಡಿ. ಕೆಸರೇ ಲೇಪನ.

ಲೆಕ್ಕ ನಾನೇ ಹಾಕಿ ನೋಡಿದೆ. 40 ಸೆಂಟಿಮೀಟರಿಗೆ 40 ಸೆಂಟಿಮೀಟರಿನಂತೆ ಒಂದು ಗುಳಿಗೆ ಎಂದರೆ ಎಕರೆಗೆ 25 ಸಾವಿರ. 2.7 ಗ್ರಾಂನಂತೆ ಒಟ್ಟು ಅರುವತ್ತೇಳೂವರೆ ಕಿಲೋ. ಅದರಲ್ಲಿ ಯೂರಿಯಾ 40 ಕಿಲೋ ಚಿಲ್ಲರೆ, ಡಿ.ಎ.ಪಿ. 27 ಕಿಲೋ. ಸಾರಜನಕ ಇಪ್ಪತ್ತಮೂರೂವರೆ ಕಿಲೋ, ರಂಜಕ 12 ಕಿಲೋ. ಬರೇ ಯೂರಿಯಾದ 1.8 ಗ್ರಾಂ ಗುಳಿಗೆಯಾದರೆ ಸರಿಯಾಗಿ 45 ಕಿಲೋ, ಎಕರೆಗೆ ಒಂದೇ ಚೀಲ!

ಇಷ್ಟು ಚೆನ್ನಾಗಿದ್ದರೆ ಎಲ್ಲರೂ ಯಾಕೆ ಮಾಡುವುದಿಲ್ಲ ಎಂದು ನೀವು ಕೇಳಬೇಕು. ಉತ್ತರ ಆ 25 ಸಾವಿರದಲ್ಲೇ ಉಂಟು. ಬಗ್ಗಿ, ಒಂದೊಂದೇ ಹೂಳಬೇಕು. ನಿಮಿಷಕ್ಕೆ 15 ಹೂತರೆ ಗಂಟೆಗೆ 900. ಎಕರೆ ಮುಗಿಯಲಿಕ್ಕೆ ಹತ್ತಿರ ಹತ್ತಿರ 28 ಗಂಟೆ, ಅಂದರೆ ಮೂರೂವರೆ ಆಳು. ನಾಟಿಯ ಭರಾಟೆಯಲ್ಲಿ, ಮಳೆಯಲ್ಲಿ, ನಾಟಿಗೇ ಜನ ಇಲ್ಲದಾಗ ಈ ಆಳು ಎಲ್ಲಿಂದ? ಐದು ಎಕರೆ ಭತ್ತ ಇರುವವರು ಈ ಮಾತು ಎತ್ತಿದರೆ ನಗುತ್ತಾರೆ. ಅವರು ನಗುವುದು ಸರಿಯೇ. ಆದರೆ ಇದು ಅವರಿಗಲ್ಲ. ನಮ್ಮಲ್ಲಿ ಭತ್ತ ಉಳಿಸಿಕೊಂಡವರಲ್ಲಿ ಎಷ್ಟು ಮಂದಿಗೆ ಒಂದೆಕರೆ ದಾಟುತ್ತದೆ? 30 ಸೆಂಟ್ಸ್ ಗದ್ದೆಗೆ ಏಳೂವರೆ ಸಾವಿರ ಗುಳಿಗೆ. ಮನೆಯ ಮೂರು ಜನ ಇಳಿದರೆ ಬೆಳಗ್ಗಿನ ಗಂಜಿಯಿಂದ ಮಧ್ಯಾಹ್ನದ ಊಟದೊಳಗೆ ಆಗುವ ಕೆಲಸ. ಆಮೇಲೆ ಎರಡು ಸಲ ಮಳೆ ಕಾಯುತ್ತಾ ಯೂರಿಯಾ ಎರಚಲಿಕ್ಕೆ ಇಳಿಯುವುದು ತಪ್ಪುತ್ತದೆ. ದೊಡ್ಡವರಿಗೆ ಹೊಂದದೆ ಸಣ್ಣವರಿಗೆ ಹೊಂದುವ ತಂತ್ರಜ್ಞಾನ ಅಪರೂಪ. ಬಹುಶಃ ಅದಕ್ಕೇ ಯಾರೂ ಹಿಂದೆ ಬಿದ್ದು ಪ್ರಚಾರ ಮಾಡಲಿಲ್ಲವೋ ಏನೋ.

ಯಂತ್ರದಲ್ಲಿ ನಾಟಿ ಮಾಡಿಸುವವರಿಗೂ ದಾರಿ ಇಲ್ಲದಿಲ್ಲ. ಜಪಾನಿನಲ್ಲಿ ನಾಟಿ ಯಂತ್ರವೇ ನೇಜಿ ನೆಡುತ್ತಾ ಸಾಲಿನ ಪಕ್ಕದ ಕೆಸರಿನೊಳಗೆ ಗೊಬ್ಬರ ಇಳಿಸುತ್ತಾ ಹೋಗುತ್ತದೆ. ನಮ್ಮಲ್ಲಿ ಬಾಡಿಗೆಗೆ ಬರುವ ಯಂತ್ರಗಳಲ್ಲಿ ಆ ಜೋಡಣೆ ನಾನಂತೂ ಕಂಡಿಲ್ಲ.

ಪ್ಲಾಸ್ಟಿಕ್ ಕವಚದ್ದು ಬೇಡ

ಜಪಾನಿನ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು. ನಿಜವಾದ ಅರ್ಥದಲ್ಲಿ "ಒಂದು ಸಲ ಹಾಕಿ ಮರೆತುಬಿಡಿ" ಎನ್ನುವ ಗೊಬ್ಬರ ಇರುವುದು ಅಲ್ಲಿಯೇ. ಯೂರಿಯಾದ ಹರಳಿಗೆ ಪ್ಲಾಸ್ಟಿಕ್ ಜಾತಿಯ ತೆಳು ಕವಚ. ನೆಲದ ಬಿಸಿಗೆ ತಕ್ಕಂತೆ ನೂರು ದಿನದವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಕೆಲಸ ಒಳ್ಳೆಯದೇ. ಆದರೆ ಯೂರಿಯಾ ಹೋದ ಮೇಲೆ ಖಾಲಿ ಕವಚ ಗದ್ದೆಯಲ್ಲಿ ಉಳಿದು, ನೀರಿನೊಟ್ಟಿಗೆ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಅಲ್ಲಿಯ ಕೃಷಿಕರ ಸಹಕಾರಿ ಸಂಘದವರು, ಗೊಬ್ಬರದ ತಯಾರಕರು 2022ರಲ್ಲಿ 2030ರೊಳಗೆ ಈ ಪ್ಲಾಸ್ಟಿಕ್ ಕವಚವನ್ನು ನಂಬದ ಬೇಸಾಯಕ್ಕೆ ಬರಬೇಕೆಂದು ಗುರಿ ಇಟ್ಟುಕೊಂಡರು. ಅವರು ಬಿಡುತ್ತಿರುವುದನ್ನು ನಾವು ಹೊಸತು ಎಂದು ತರುವುದು ಬೇಡ. ನಮ್ಮ ಬಯಲಿನ ನೀರು ಸಮುದ್ರ ಸೇರಲಿಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ.

ಕುಮಟಾ ಕಡೆಯ ಗಜನಿ ಗದ್ದೆಯವರು ಇದನ್ನೆಲ್ಲ ಓದಿ ನಗಬಹುದು. ಅಘನಾಶಿನಿಯ ಉಪ್ಪು ನೀರು ನುಗ್ಗುವಲ್ಲಿ ಅವರು ಬೆಳೆಯುವ ಕಗ್ಗ ಭತ್ತಕ್ಕೆ ಯೂರಿಯಾವೂ ಇಲ್ಲ, ಬೇವೂ ಇಲ್ಲ. ಉಬ್ಬರದ ನೀರು ತರುವ ಗೋಡು, ಕೊಳೆಯುವ ಹುಲ್ಲು, ಸಿಗಡಿ ಮೀನುಗಳ ಕಸ, ಇಷ್ಟೇ. ಅಂಥ ಮಣ್ಣಿಗೆ ಯಾವ ನಿಧಾನ ಗೊಬ್ಬರವನ್ನೂ ಯಾರೂ ಶಿಫಾರಸು ಮಾಡದಿರಲಿ. ಅಲ್ಲಿಗೆ ಬೇಕಾದದ್ದು ಗಟ್ಟಿ ಕಟ್ಟೆ ಮತ್ತು ಸರಿಯಾದ ಜಂತ್ರಡಿ ಬಾಗಿಲು.

ನಾನು ಕೇಳುವುದು

ಮಣ್ಣು ಪರೀಕ್ಷೆ ಚೀಟಿ 2015ರಿಂದ ಮನೆಮನೆಗೆ ಬರುತ್ತಿದೆ. ಅದರಲ್ಲಿ ರಸಸಾರ ಉಂಟು, ಸಾರಜನಕ ಎಷ್ಟು ಎಂದು ಉಂಟು. ಆ ಗದ್ದೆಯಲ್ಲಿ ನೀರು ಎಷ್ಟು ಬೇಗ ಇಳಿಯುತ್ತದೆ ಎಂಬುದು ಇಲ್ಲ. ನಮ್ಮ ಕಡೆ ಬೇಕಾದದ್ದೇ ಅದು. ಬೆಟ್ಟಿಗೂ ಬಯಲಿಗೂ ಒಂದೇ ಶಿಫಾರಸು ಬರೆದು ಕೊಟ್ಟರೆ ಓದಿದವನು ಏನು ಮಾಡಬೇಕು? ಇಲಾಖೆಯವರು ಇದನ್ನು ಅಳೆಯುವ ತನಕ ನಾವೇ ಅಳೆಯಬಹುದು, ಖರ್ಚಿಲ್ಲ. ನಾಟಿಗೆ ಹದ ಮಾಡಿದ ಗದ್ದೆಯ ಒಳಬಾಯಿ, ಹೊರಬಾಯಿ ಎರಡೂ ಕಟ್ಟಿ, ಮಳೆ ಬಿಟ್ಟ ರಾತ್ರಿ ಒಂದು ಕೋಲು ಊರಿ ನೀರಿನ ಮಟ್ಟಕ್ಕೆ ಗೆರೆ ಹಾಕಿ ಇಡಿ. ಬೆಳಗ್ಗೆ ನೋಡುವಾಗ ಅರ್ಧ ಬೆರಳು ದಪ್ಪವೂ ಇಳಿದಿಲ್ಲ ಎಂದರೆ ಗುಳಿಗೆಗೆ ಆಗುವ ಗದ್ದೆ. ಎರಡು ಬೆರಳು ಇಳಿದರೆ ಗುಳಿಗೆ ಬೇಡ, ಮಣ್ಣಿನಲ್ಲಿ ಕಲಸಿ ಕಂತಿನಲ್ಲಿ ಹಾಕಿ. ಇದು ನಾನು ಇಟ್ಟುಕೊಂಡ ಅಂದಾಜು. ಹುಣಿಯಲ್ಲಿ ಏಡಿ ಮಾಟೆ ಇದೆಯೋ ಎಂದು ಮೊದಲು ನೋಡಿ, ಇಲ್ಲವಾದರೆ ಏಡಿಯ ತಪ್ಪು ಮಣ್ಣಿನ ತಲೆಗೆ ಬರುತ್ತದೆ.

ಗುಳಿಗೆ ಒತ್ತುವ ಯಂತ್ರ ದೊಡ್ಡ ಕಾರ್ಖಾನೆಯ ಸಾಮಾನಲ್ಲ, ಎರಡು ಉರುಳೆಯ ನಡುವೆ ಯೂರಿಯಾ ಒತ್ತಿ ಬೀಳಿಸುವಂಥದ್ದು. ಹೋಬಳಿಗೊಂದು ಸೊಸೈಟಿ ಇದನ್ನು ಇಟ್ಟುಕೊಂಡರೆ, ನಮ್ಮದೇ ಚೀಲ ಕೊಟ್ಟು ಗಿರಣಿಯಲ್ಲಿ ಅಕ್ಕಿ ಮಾಡಿಸಿಕೊಂಡು ಬರುವ ಹಾಗೆ ಗುಳಿಗೆ ಮಾಡಿಸಿಕೊಂಡು ಬರಬಹುದು. ಅಡಿಕೆ ಸುಲಿಯುವ ಯಂತ್ರಕ್ಕೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಹಾಯಧನ ಕೊಡುವವರಿಗೆ ಇದು ದೊಡ್ಡ ಮೊತ್ತ ಆಗಲಾರದು. ಸೊಸೈಟಿಯ ಮಹಾಸಭೆ ವರ್ಷಕ್ಕೊಮ್ಮೆ ಆಗುತ್ತದಲ್ಲ, ಅಲ್ಲಿ ಲಾಡು ತಿಂದು ಬರುವ ಮೊದಲು ಈ ಮಾತು ಎತ್ತಿ. ಒಬ್ಬರು ಕೇಳಿದರೆ ಆಗುವುದಿಲ್ಲ, ಭತ್ತ ಬೆಳೆಯುವ ಹತ್ತು ಮಂದಿ ಒಟ್ಟಿಗೆ ಕೇಳಬೇಕು.

ಅಷ್ಟರ ತನಕ ಮಾಡಿ ನೋಡಲಿಕ್ಕೆ ಮಣ್ಣಿನ ಉಂಡೆ ಉಂಟು. ಜೇಡಿಮಣ್ಣಿನ ಉಂಡೆಯೊಳಗೆ ಒಂದು ಚಿಟಿಕೆ ಯೂರಿಯಾ ಇಟ್ಟು ಒಣಗಿಸಿ ನಾಲ್ಕು ಬುಡದ ನಡುವೆ ಒತ್ತುವುದು. ಇಡೀ ಗದ್ದೆಗೆ ಇದು ಆಗುವ ಕೆಲಸವಲ್ಲ. ಐದು ಸೆಂಟ್ಸಿಗೆ ಮಾಡಿ, ಪಕ್ಕದ ಐದು ಸೆಂಟ್ಸಿಗೆ ಅಷ್ಟೇ ಯೂರಿಯಾ ಎಂದಿನ ಹಾಗೆ ಕಂತಿನಲ್ಲಿ ಎರಚಿ. ತೆಂಡೆ ಎಣಿಸಿ, ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬಡಿದು ತೂಗಿ. ಕಾರ್ತಿ ಬೆಳೆಯಲ್ಲಿ ಹೀಗೆ ಮಾಡಿದವರು ಗದ್ದೆ ಬೆಟ್ಟೋ ಮಜಲೋ ಬಯಲೋ, ಕೋಲಿನ ಗೆರೆ ಎಷ್ಟು ಇಳಿಯಿತು, ಹೂಳಲು ಎಷ್ಟು ಹೊತ್ತು ಹಿಡಿಯಿತು, ಎರಡು ತುಂಡಿನ ತೂಕ ಎಷ್ಟು, ಈ ನಾಲ್ಕನ್ನು ಪತ್ರಿಕೆಗೆ ಒಂದು ಕಾರ್ಡಿನಲ್ಲಿ ಬರೆದು ಹಾಕಿ. ತೂಕ ಕಡಿಮೆ ಬಂದವರೂ ಬರೆಯಿರಿ.